ಆಸ್ಪತ್ರೆಯ ಅಂತೇವಾಸಿಗಳು

ನಮ್ಮ ಹಳೆಯ ಗ್ರಂಥಗಳಲ್ಲಿ ‘ಅಂತೇವಾಸಿ’ ಎಂಬ ಮಾತು ಬರುತ್ತದೆ. ಗುರುವಿನ ಬಳಿಯಲ್ಲೇ ವಾಸಮಾಡುತ್ತ ಕಲಿಯುವ ಶಿಷ್ಯನೆಂದು ಅದರ ಅರ್ಥ. ಇಂಗ್ಲಿಷಿನ ‘ಇಂಟರ್ನ್’ ಎಂಬ ಮಾತೂ ಇದಕ್ಕೆ ಬಹು ದೂರದ್ದಲ್ಲ. ಆಸ್ಪತ್ರೆಯ ಒಳಗೇ ಇದ್ದು ಕಲಿಯುವ ಕಿರಿಯ ವೈದ್ಯನಿಗೆ ಆ ಹೆಸರು ಬಂತು. ವೈದ್ಯರ ಮಟ್ಟಿಗೆ ಇದು ಸಹಜವಾದದ್ದೇ. ಆದರೆ ಮನೋವಿಜ್ಞಾನದಲ್ಲಿ ಡಾಕ್ಟರೇಟ್ ಪದವಿಗೆ ಓದುವವನು, ಪುಸ್ತಕ, ಪ್ರಯೋಗಶಾಲೆ, ಮಹಾಪ್ರಬಂಧಗಳ ನಡುವೆ ಬೆಳೆದವನು, ಒಂದು ವರ್ಷ ರೋಗಿಗಳ ನಡುವೆ ಕಳೆಯಲೇಬೇಕೆಂಬ ಕಟ್ಟಳೆ ಎಲ್ಲಿಂದ ಬಂತು? ಆ ಕಥೆ ಅಮೆರಿಕದ್ದು. ಅದರಲ್ಲಿ ನನಗೆ ಕುತೂಹಲ ಹುಟ್ಟಿದ್ದು ಮಾತ್ರ ನಮ್ಮ ಕಡೆಯ ಒಂದು ಆಸ್ಪತ್ರೆಯ ವಾರ್ಡಿನಲ್ಲಿ.

ವಿದ್ಯಾರ್ಥಿಯಾಗಿದ್ದಾಗ ಬುದ್ಧಿಪರೀಕ್ಷೆಯ ಪೆಟ್ಟಿಗೆ ಹಿಡಿದುಕೊಂಡು ನಾನು ಅಲ್ಲಿಗೆ ಹೋಗಿದ್ದೆ. ಎದುರಿಗೆ ಕುಳಿತ ನಡುವಯಸ್ಸಿನ ಹೆಂಗಸು ನಾಲ್ಕು ಪ್ರಶ್ನೆಗಳಿಗೆ ಉತ್ತರ ಹೇಳಿದರು. ಐದನೆಯದಕ್ಕೆ, “ಇದನ್ನೆಲ್ಲ ಬರಕೊಂಡು ಏನು ಮಾಡ್ತೀರಿ ಸ್ವಾಮಿ? ನನ್ನ ಮನೆಗೆ ಕಳಿಸ್ತೀರಾ?” ಎಂದು ಕೇಳಿದರು. ಕೈಯಲ್ಲಿದ್ದ ಸ್ಟಾಪ್‌ವಾಚು ಓಡುತ್ತಿತ್ತು. ಆ ಮಾತನ್ನು ಬರೆದುಕೊಳ್ಳುವುದಕ್ಕೆ ನನ್ನ ಹಾಳೆಯಲ್ಲಿ ಜಾಗವಿರಲಿಲ್ಲ. ಐದನೆಯ ಪ್ರಶ್ನೆಗೆ ಸೊನ್ನೆ ಹಾಕಿ ಮುಂದಕ್ಕೆ ಹೋದೆ.

1896ರಲ್ಲಿ ಫಿಲಡೆಲ್ಫಿಯದ ಪೆನ್ಸಿಲ್ವೇನಿಯ ವಿಶ್ವವಿದ್ಯಾನಿಲಯದ ಲೈಟ್ನರ್ ವಿಟ್ಮರ್ ಎಂಬ ಅಧ್ಯಾಪಕನ ಬಳಿಗೆ ಶಾಲೆಯ ಉಪಾಧ್ಯಾಯಿನಿಯೊಬ್ಬಳು 14 ವರ್ಷದ ಹುಡುಗನೊಬ್ಬನನ್ನು ಕರೆತಂದಳು. ಹುಡುಗನಿಗೆ ಎಷ್ಟು ಕಲಿಸಿದರೂ ಸ್ಪೆಲಿಂಗ್ ಬಾರದು. ವಿಟ್ಮರ್ ಜರ್ಮನಿಯ ಲೈಪ್‌ಜಿಗ್‌ನಲ್ಲಿ ವುಂಟ್‌ನ ಶಿಷ್ಯನಾಗಿದ್ದವನು, ಪ್ರಯೋಗಶಾಲೆಯ ಮನುಷ್ಯ. ಆತ ಹುಡುಗನ ದೃಷ್ಟಿದೋಷವನ್ನು ಕಂಡುಹಿಡಿದು, ಕನ್ನಡಕ ಹಾಕಿಸಿ, ಬೇರೆಯಾಗಿ ಪಾಠ ಹೇಳಿಸಿದ. ಮನೋವಿಜ್ಞಾನದ ಮೊದಲ ಚಿಕಿತ್ಸಾಲಯ ಹುಟ್ಟಿದ್ದು ಹೀಗೆ. ಹನ್ನೆರಡು ವರ್ಷಗಳ ತರುವಾಯ, 1908ರಲ್ಲಿ, ನ್ಯೂಜೆರ್ಸಿಯ ವೈನ್‌ಲ್ಯಾಂಡ್ ಎಂಬಲ್ಲಿ ಬುದ್ಧಿಮಾಂದ್ಯ ಮಕ್ಕಳ ವಸತಿಶಾಲೆಯಲ್ಲಿ ಹೆನ್ರಿ ಗೊಡಾರ್ಡ್ ವಿದ್ಯಾರ್ಥಿಗಳನ್ನು ತರಬೇತಿಗೆ ಸೇರಿಸಿಕೊಂಡ. ಮನೋವಿಜ್ಞಾನದ ಮೊದಲ ಇಂಟರ್ನ್‌ಷಿಪ್ ಇದೇ ಎನ್ನುತ್ತಾರೆ. ಇಲ್ಲೊಂದು ಕಹಿಯೂ ಇದೆ. ಬುದ್ಧಿಮಾಂದ್ಯವೆಂಬುದು ವಂಶದಲ್ಲಿ ಹರಿದುಬರುವ ಕಳಂಕವೆಂದು 1912ರಲ್ಲಿ ಕಲ್ಲಿಕಾಕ್ ಕುಟುಂಬದ ಪುಸ್ತಕ ಬರೆದವನೂ ಇದೇ ಗೊಡಾರ್ಡ್. ಆ ವಾದ ಮುಂದೆ ನಿಲ್ಲಲಿಲ್ಲ. ಅಂತೇವಾಸಿಯಾದವನು ಗುರುವಿನ ಮನೆಯ ಕೈಗೆಲಸವನ್ನಷ್ಟೇ ಕಲಿಯುವುದಿಲ್ಲ, ಆ ಮನೆಯ ತಪ್ಪುಗಳನ್ನೂ ಕಲಿಯುತ್ತಾನೆ.

ಆದರೆ ಇಂಟರ್ನ್‌ಷಿಪ್ಪಿಗೆ ಒಂದು ರೂಪ, ಒಂದು ತರ್ಕ ಬಂದದ್ದು ಮ್ಯಾಸಚೂಸೆಟ್ಸಿನ ವೂಸ್ಟರ್ ಊರಿನಲ್ಲಿ. 1909ರಲ್ಲಿ ಫ್ರಾಯ್ಡ್ ಬಂದು ಉಪನ್ಯಾಸ ಕೊಟ್ಟದ್ದು ಇದೇ ಊರಿನ ಕ್ಲಾರ್ಕ್ ವಿಶ್ವವಿದ್ಯಾನಿಲಯದಲ್ಲಿ. ಅಲ್ಲಿಯ ಸರ್ಕಾರಿ ಮನೋರೋಗಾಸ್ಪತ್ರೆ 1833ರಷ್ಟು ಹಳೆಯದು. 1925ರಲ್ಲಿ ಆ ಆಸ್ಪತ್ರೆಯ ಪಾದ್ರಿ ಆಂಟನ್ ಬಾಯ್ಸನ್ ಧರ್ಮಶಾಸ್ತ್ರದ ವಿದ್ಯಾರ್ಥಿಗಳನ್ನು ವಾರ್ಡಿಗೆ ಕರೆತಂದು ರೋಗಿಗಳಿಂದ ಕಲಿಯಿರಿ ಎಂದ; ಆತ ಸ್ವತಃ ಮನೋರೋಗಿಯಾಗಿ ಆಸ್ಪತ್ರೆಯಲ್ಲಿದ್ದು ಬಂದವನು. ಅಂಥ ಆಸ್ಪತ್ರೆಗೆ 1928ರಲ್ಲಿ ಮುಖ್ಯ ಮನೋವಿಜ್ಞಾನಿಯಾಗಿ ಬಂದವನು ಡೇವಿಡ್ ಶಾಕೋ. ಹಾರ್ವರ್ಡಿನಲ್ಲಿ ಅವನ ಪ್ರಯೋಗ ಫಲಿಸದೆ ಮಹಾಪ್ರಬಂಧ ನಿಂತುಹೋಗಿತ್ತು. ಹೊಟ್ಟೆಪಾಡಿಗೆ ಹಿಡಿದ ಕೆಲಸ ಹದಿನೆಂಟು ವರ್ಷದ ಬದುಕಾಯಿತು. ಇಂಟರ್ನ್‌ಷಿಪ್ ವರ್ಷವೆಂದರೆ ಹೇಗಿರಬೇಕೆಂದು ಆತ ಪ್ರಸಿದ್ಧ ಲೇಖನ ಬರೆದದ್ದು 1938ರಲ್ಲಿ. ಅವನಿಗೇ ಡಾಕ್ಟರೇಟ್ ಸಿಕ್ಕಿದ್ದು 1942ರಲ್ಲಿ, ಅದೂ ವಾರ್ಡಿನಲ್ಲಿ ಕಂಡ ಸ್ಕಿಜೋಫ್ರೇನಿಯ ರೋಗಿಗಳನ್ನು ಕುರಿತ ಅಧ್ಯಯನಕ್ಕೆ. ಅವನ ವಾದದ ಬೇರು ಈ ಅನುಭವದಲ್ಲೇ ಇದೆಯೆಂದು ನನಗೆ ತೋರುತ್ತದೆ.

ಶಾಕೋ ಕೇಳಿದ್ದು ಬರಿಯ ಕೈಚಳಕವನ್ನಲ್ಲ. ಪರೀಕ್ಷೆಗಳನ್ನು ನಡೆಸುವ ನೈಪುಣ್ಯ ಬರಲಿ. ಅದಕ್ಕಿಂತ ಹೆಚ್ಚಾಗಿ ರೋಗಿಗಳ ಒಡನಾಟದಲ್ಲಿ ವಿದ್ಯಾರ್ಥಿ ಚೆನ್ನಾಗಿ ನೆನೆಯಲಿ, ವೈದ್ಯರು ಯೋಚಿಸುವ ರೀತಿ ತಿಳಿಯಲಿ, ಇಷ್ಟರ ನಡುವೆಯೂ ಪ್ರಯೋಗದ ನಿಷ್ಠುರ ದೃಷ್ಟಿ ಮಾಸದಿರಲಿ ಎಂಬುದು ಅವನ ಅಪೇಕ್ಷೆ. ಪಕ್ಕದಲ್ಲಿ ಹಿರಿಯನೊಬ್ಬನ ಮೇಲ್ವಿಚಾರಣೆ ಇಲ್ಲದಿದ್ದರೆ ಇದು ಯಾವುದೂ ಆಗದು. ನನ್ನ ಸೊನ್ನೆಯನ್ನು ಮರುದಿನ ಕಂಡ ಹಿರಿಯರೊಬ್ಬರು, “ಆಕೆ ಏನಂದರು?” ಎಂದು ಕೇಳಿದರು. ಹೇಳಿದೆ. “ಮೊದಲು ಹೋಗಿ ಅದಕ್ಕೆ ಉತ್ತರ ಕೊಟ್ಟು ಬನ್ನಿ” ಎಂದರು. ನನ್ನಲ್ಲಿ ಉತ್ತರವಿರಲಿಲ್ಲ, ಆಕೆಯ ಮನೆಯಿಂದ ಎರಡು ವರ್ಷಗಳಿಂದ ಯಾರೂ ಬಂದಿರಲಿಲ್ಲವೆಂಬುದು ಆ ಮೇಲೆ ತಿಳಿಯಿತು.

ಎರಡನೆಯ ಮಹಾಯುದ್ಧ ಈ ಒಬ್ಬನ ಯೋಚನೆಯನ್ನು ದೇಶದ ಅಗತ್ಯವನ್ನಾಗಿ ಮಾಡಿತು. ಮನಸ್ಸು ಮುರಿದು ಹಿಂತಿರುಗಿದ ಸೈನಿಕರಿಂದ ಆಸ್ಪತ್ರೆಗಳು ತುಂಬಿದವು. 1946ರಲ್ಲಿ ಮಾಜಿ ಸೈನಿಕರ ಇಲಾಖೆ 22 ವಿಶ್ವವಿದ್ಯಾನಿಲಯಗಳ ಸುಮಾರು 200 ವಿದ್ಯಾರ್ಥಿಗಳನ್ನು ಸಂಬಳ ಕೊಟ್ಟು ತನ್ನ ಆಸ್ಪತ್ರೆಗಳಲ್ಲಿ ತರಬೇತಿಗೆ ತೆಗೆದುಕೊಂಡಿತು. ಮರುವರ್ಷ ಶಾಕೋನ ಅಧ್ಯಕ್ಷತೆಯ ಸಮಿತಿ ನಾಲ್ಕು ವರ್ಷದ ಪಾಠಕ್ರಮವನ್ನು ಸೂಚಿಸಿತು; ಅದರಲ್ಲಿ ಮೂರನೆಯ ವರ್ಷ ಇಂಟರ್ನ್‌ಷಿಪ್. 1949ರಲ್ಲಿ ಕೊಲರಾಡೊದ ಬೋಲ್ಡರ್‌ನಲ್ಲಿ 70ಕ್ಕೂ ಹೆಚ್ಚು ಮಂದಿ ಎರಡು ವಾರ ಕಲೆತು, ಈ ವಿದ್ಯೆಯನ್ನು ಕಲಿಯುವವನು ವಿಜ್ಞಾನಿಯೂ ಆಗಿರಬೇಕು, ಚಿಕಿತ್ಸಕನೂ ಆಗಿರಬೇಕು ಎಂದು ಒಪ್ಪಿದರು.

ಮೂರನೆಯ ವರ್ಷ ಎಂಬುದನ್ನು ಗಮನಿಸಬೇಕು. ವಾರ್ಡಿನಲ್ಲಿ ಒಂದು ವರ್ಷವಿದ್ದು, ಅಲ್ಲಿ ಹುಟ್ಟಿದ ಪ್ರಶ್ನೆಯನ್ನು ಹೊತ್ತು ವಿಶ್ವವಿದ್ಯಾನಿಲಯಕ್ಕೆ ಮರಳಿ, ನಾಲ್ಕನೆಯ ವರ್ಷದಲ್ಲಿ ಮಹಾಪ್ರಬಂಧ ಬರೆಯಬೇಕೆಂಬುದು ಅದರ ಒಳಗುಟ್ಟು. ಕಾಲಕ್ರಮದಲ್ಲಿ ಆದದ್ದು ಬೇರೆ. ಇಂಟರ್ನ್‌ಷಿಪ್ ಮೆಲ್ಲನೆ ಕಡೆಯ ವರ್ಷಕ್ಕೆ ಜಾರಿತು. ಪ್ರಬಂಧವನ್ನು ಬಹುಮಟ್ಟಿಗೆ ಮುಗಿಸಿ, ಊರೂರಿಗೆ ಅರ್ಜಿ ಹಾಕಿ ಹೋಗುವ ವರ್ಷವಾಯಿತು. ಫೆಬ್ರವರಿಯ ಒಂದು ಗೊತ್ತಾದ ದಿನ ದೂರವಾಣಿಯ ಕರೆಗಾಗಿ ಕಾಯುವ ಪದ್ಧತಿ 1999ರಲ್ಲಿ ನಿಂತು, ಹೊಂದಿಸುವ ಕೆಲಸ ಕಂಪ್ಯೂಟರಿನ ಪಾಲಾಯಿತು. 2012ರ ಸುಮಾರಿಗೆ ಅರ್ಜಿದಾರರು ಹೆಚ್ಚಿ, ಸ್ಥಾನಗಳು ಸಾಲದೆ, ಐವರಲ್ಲಿ ಒಬ್ಬರಿಗಾದರೂ ಆ ಹೊಂದಿಕೆಯಲ್ಲಿ ಸ್ಥಾನ ಸಿಕ್ಕದಂತಾಯಿತು. ಓದೆಲ್ಲ ಮುಗಿದು ಬಾಗಿಲಲ್ಲಿ ನಿಂತವರು ಅವರು. ಮುಂದೆ ಸ್ಥಾನಗಳು ಹೆಚ್ಚಿ ಆ ಕಷ್ಟ ನೀಗಿತು. ಜಾರಿದ ವರ್ಷ ಮಾತ್ರ ತನ್ನ ಸ್ಥಳಕ್ಕೆ ಮರಳಲಿಲ್ಲ.

ನಮ್ಮಲ್ಲಿ ಈ ಶಾಸ್ತ್ರ ನಡೆದ ದಾರಿ ಬೇರೆ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ 1924ರಲ್ಲಿ ಮನೋವಿಜ್ಞಾನ ವಿಭಾಗವನ್ನು ಕಟ್ಟಿದವರು ಎಂ. ವಿ. ಗೋಪಾಲಸ್ವಾಮಿ. 1935ರಲ್ಲಿ ತಮ್ಮ ಮನೆಯಿಂದ ಬಾನುಲಿ ಪ್ರಸಾರ ಆರಂಭಿಸಿದವರೂ ಅವರೇ ಎಂಬುದನ್ನು, ಬಾನುಲಿಯಲ್ಲಿ ಮಾತಾಡುತ್ತಿರುವ ನಾನು ನೆನೆಯದಿದ್ದರೆ ಕೃತಘ್ನನಾದೇನು. ಆದರೆ ವಾರ್ಡಿನ ವಿದ್ಯೆ ಶುರುವಾದದ್ದು ಬೆಂಗಳೂರಿನಲ್ಲಿ. 1954ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಮರುವರ್ಷ ಮನೋವಿಜ್ಞಾನದ ಪದವೀಧರರಿಗೆ ಡಿಪ್ಲೊಮಾ ತೆರೆಯಿತು. 1974ರಲ್ಲಿ ಆ ಸಂಸ್ಥೆಯೂ ಅಲ್ಲಿಯ ಮಾನಸಿಕ ಆಸ್ಪತ್ರೆಯೂ ಕೂಡಿ ನಿಮ್ಹಾನ್ಸ್ ಆಯಿತು. ಡಿಪ್ಲೊಮಾ ಎರಡು ವರ್ಷದ ಎಂ.ಫಿಲ್. ಆಯಿತು. ಪಿಎಚ್.ಡಿ. ಅದರ ಅನಂತರದ್ದು. ಅಂದರೆ ಮೊದಲು ವಾರ್ಡು, ಆಮೇಲೆ ಮಹಾಪ್ರಬಂಧ. ಶಾಕೋ ಬಯಸಿದ ಕ್ರಮಕ್ಕೆ ನಾವು ಬೇರೆಯೇ ಕಾರಣಗಳಿಂದ ಸಮೀಪವಾಗಿಬಿಟ್ಟೆವು.

2022ರಲ್ಲಿ ವಿಶ್ವವಿದ್ಯಾನಿಲಯ ಅನುದಾನ ಆಯೋಗವು ಎಂ.ಫಿಲ್. ಪದವಿಯನ್ನೇ ಕೈಬಿಟ್ಟಿತು, ಈ ವಿಷಯಕ್ಕೆ ಕೆಲವು ವರ್ಷಗಳ ವಿನಾಯಿತಿ ದೊರೆಯಿತು. ಅದರ ಸ್ಥಾನಕ್ಕೆಂದು ಸಿದ್ಧವಾಗುವ ಪಾಠಕ್ರಮಗಳು ಕೈಗೆ ಬಂದಾಗ ನಾನು ಪೀಠಿಕೆಯನ್ನು ಓದುವುದಿಲ್ಲ. ವಾರ್ಡಿನಲ್ಲಿ ಎಷ್ಟು ತಿಂಗಳು, ಯಾವ ವರ್ಷದಲ್ಲಿ ಎಂಬ ಪುಟವನ್ನು ಮೊದಲು ಹುಡುಕುತ್ತೇನೆ.