ಮಿಲಿಟ್ರಿ ಪೊರ್ಬುಳು: ನಮ್ಮ ಅಜ್ಜನವರ ಸ್ಮರಣೆ

ಚಾರ್ಮಾಡಿ ಘಟ್ಟದ ಬುಡದಲ್ಲಿರುವ ಕಕ್ಕಿಂಜೆಯ ಕ್ರೈಸ್ತ ಕುಟುಂಬಗಳ ಚರಿತ್ರೆಯನ್ನು ಹೇಳುವವರು ಕಾಡು ಕಡಿದು ಗದ್ದೆ ಮಾಡಿದವರನ್ನೂ, ಅಡಿಕೆ ತೋಟ ಎಬ್ಬಿಸಿದವರನ್ನೂ, ಇಗರ್ಜಿಗೆ ಕಲ್ಲು ಹೊತ್ತವರನ್ನೂ ತಪ್ಪದೆ ನೆನೆಯುತ್ತಾರೆ. ಪಟ್ಟಾಳಕ್ಕೆ ಹೋಗಿ ಬಂದವರ ಪ್ರಸ್ತಾಪ ಮಾತ್ರ ಅಪರೂಪ. ನಮ್ಮ ಅಜ್ಜನವರು ಅಂಥವರಲ್ಲೊಬ್ಬರು. ಇಗರ್ಜಿಯ ದಾಖಲೆಯಲ್ಲಿ ಅವರ ಉದ್ಯೋಗ ‘ಕೃಷಿ’ ಎಂದಷ್ಟೇ ಇದೆ. ನೆರೆಕರೆಯ ತುಳುವ ಬಾಂಧವರಾದರೋ ಅವರನ್ನು ಕೊನೆಯ ತನಕ ‘ಮಿಲಿಟ್ರಿ ಪೊರ್ಬುಳು’ ಎಂದೇ ಕರೆದರು.

ಎರಡನೆಯ ಮಹಾಯುದ್ಧದಲ್ಲಿ ಭಾರತೀಯ ಸೇನೆಯ ಸಂಖ್ಯೆ 25 ಲಕ್ಷದಷ್ಟಾಯಿತು. ಅವರೆಲ್ಲರೂ ಸ್ವ ಇಚ್ಛೆಯಿಂದ ಸೇರಿದವರೆಂದು ಚರಿತ್ರಕಾರರು ಬರೆಯುತ್ತಾರೆ. ಸ್ವ ಇಚ್ಛೆಯೆಂಬ ಆ ಮಾತಿನೊಳಗೆ ಹಸಿವೂ ಸೇರಿತ್ತೆಂಬುದನ್ನು ನಾವು ಬಲ್ಲೆವು. 1942ರಲ್ಲಿ ಬರ್ಮಾ ಜಪಾನೀಯರ ವಶವಾದಾಗ ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತುಹೋಯಿತು. ಧನಿಗಳಿಗೆ ಗೇಣಿ ಅಳೆದು ಉಳಿದುದರಲ್ಲಿ ಮನೆಮಂದಿಯ ಹೊಟ್ಟೆ ತುಂಬಿಸಬೇಕಾಗಿದ್ದ ಚಾಲಗೇಣಿ ಒಕ್ಕಲಿನ ಹಿರಿಯ ಮಗನಿಗೆ ಸೈನ್ಯದ ಸಂಬಳ ದೊಡ್ಡ ಆಧಾರವಾಗಿ ಕಂಡುದರಲ್ಲಿ ಆಶ್ಚರ್ಯವಿಲ್ಲ. 1784ರಲ್ಲಿ ಸೆರೆಯಾಳುಗಳಾಗಿ ಶ್ರೀರಂಗಪಟ್ಟಣಕ್ಕೆ ನಡೆದು, 1799ರ ಬಳಿಕ ಅಳಿದುಳಿದು ಹಿಂದಿರುಗಿದವರ ಸಂತತಿಯವರೊಬ್ಬರು ಈ ಬಾರಿ ಅನ್ನಕ್ಕಾಗಿ ತಾವಾಗಿಯೇ ಘಟ್ಟ ಹತ್ತಿದರು.

ದಕ್ಷಿಣ ಕನ್ನಡ ಜಿಲ್ಲೆ 1956ರ ನವೆಂಬರ್ 1ರ ತನಕ ಮದರಾಸಿಗೆ ಸೇರಿತ್ತು. ಅಜ್ಜನವರು ಸೇರಿದ್ದೂ ಮದರಾಸ್ ಸ್ಯಾಪರ್ಸ್ ದಳವನ್ನೇ. 1780ರಲ್ಲಿ ಹುಟ್ಟಿದ ಈ ದಳದ ಕೇಂದ್ರ ಬೆಂಗಳೂರಿನ ಹಲಸೂರು ಕೆರೆಯ ಬಳಿಯಲ್ಲಿದೆ. ಸ್ಯಾಪರನ ಕೆಲಸ ಬಂದೂಕಿಗಿಂತ ಹೆಚ್ಚಾಗಿ ಗುದ್ದಲಿ, ಕೊಡಲಿ, ಹಗ್ಗಗಳದ್ದು: ದಾರಿ ಕಡಿಯುವುದು, ನೆಲಬಾಂಬು ತೆಗೆಯುವುದು, ಹೊಳೆಗೆ ಸೇತುವೆ ಹಾಕುವುದು. ಕಾಡುಹೊಳೆಗಳ ನಡುವೆ ಬೆಳೆದವರಿಗೆ ಇದಕ್ಕಿಂತ ತಕ್ಕ ಕೆಲಸ ಬೇರೊಂದು ಇರಲಾರದು.

1944ರಲ್ಲಿ ಇಂಫಾಲ, ಕೊಹಿಮಾಗಳಲ್ಲಿ ಜಪಾನೀಯರು ಸೋತು ಹಿಮ್ಮೆಟ್ಟಿದಾಗ, ಬೆನ್ನಟ್ಟಿದ ಸೈನ್ಯ ಕಬಾವ್ ಕಣಿವೆಯ ಮೂಲಕ ಚಿಂದ್ವಿನ್ ನದಿಯ ಕಡೆಗೆ ಸಾಗಿತು. ಅಲ್ಲಿ ಗುಂಡಿಗಿಂತ ಸೊಳ್ಳೆಯೇ ಕ್ರೂರ ವೈರಿ. 1943ರಲ್ಲಿ ಆ ರಣರಂಗದಿಂದ ಗಾಯಾಳುವೊಬ್ಬನನ್ನು ಸಾಗಿಸುವಷ್ಟರಲ್ಲಿ 120 ಮಂದಿ ರೋಗಿಗಳನ್ನು ಸಾಗಿಸಬೇಕಾಗುತ್ತಿತ್ತೆಂದು ಸೇನಾಪತಿ ಸ್ಲಿಮ್ ಬರೆದಿದ್ದಾರೆ. ಚಳಿಜ್ವರವನ್ನು ಬಾಲ್ಯದಿಂದಲೇ ಬಲ್ಲ ಅಜ್ಜನವರೂ ಅಲ್ಲಿ ಮಲಗಿದರು, ಎದ್ದರು. 1944ರ ಡಿಸೆಂಬರಿನಲ್ಲಿ ಕಲೇವಾದಲ್ಲಿ ಚಿಂದ್ವಿನ್ ನದಿಗೆ 1,154 ಅಡಿ ಉದ್ದದ ಬೈಲಿ ಸೇತುವೆ ಬಿತ್ತು. ಅದರ ಒಂದೊಂದು ಉಕ್ಕಿನ ಚೌಕಟ್ಟನ್ನು ಹೊರಲು ಆರು ಜನ ಬೇಕು. ಯುದ್ಧದ ಕುರಿತು ಅಜ್ಜನವರು ಮಕ್ಕಳಿಗೆ ಹೇಳುತ್ತಿದ್ದುದು ಇಷ್ಟೇ: ‘ಆರು ಜನರಲ್ಲಿ ಒಬ್ಬನ ಕಾಲು ಜಾರಿದರೂ ಆರು ಮಂದಿಗೂ ಪೆಟ್ಟು.’ ಕೊಂದದ್ದನ್ನಾಗಲಿ ಕಂಡದ್ದನ್ನಾಗಲಿ ಅವರು ಬಾಯಿ ಬಿಡಲಿಲ್ಲ. ನಾವು ಕೇಳಿದರೆ ವೀಳ್ಯದ ಚೀಲ ಬಿಚ್ಚುತ್ತಿದ್ದರು.

ಯುದ್ಧ ಮುಗಿದ ಮರುವರ್ಷ ಬಿಡುಗಡೆಯಾಯಿತು. ಯುದ್ಧಕಾಲಕ್ಕಷ್ಟೇ ಸೇರಿದವರಿಗೆ ಪಿಂಚಣಿಗೆ ಬೇಕಾದ 15 ವರ್ಷಗಳ ಸೇವೆ ಎಲ್ಲಿಂದ ಬರಬೇಕು? ಕೈಗೆ ಬಂದ ಅಲ್ಪ ಹಣದಲ್ಲಿ ಒಂದು ಜತೆ ಎತ್ತು ಕೊಂಡು ಮತ್ತೆ ಗೇಣಿ ಗದ್ದೆಗೇ ಇಳಿದರು. ಆ ಗದ್ದೆ ಅವರ ಸ್ವಂತದ್ದಾದುದು 1974ರ ಭೂಸುಧಾರಣೆಯ ಬಳಿಕ.

ಭಾನುವಾರದ ಬಲಿಪೂಜೆಯನ್ನು ಅವರು ಎಂದೂ ತಪ್ಪಿಸಿದವರಲ್ಲ. ಮಳೆಗಾಲದಲ್ಲಿ ಹೊಳೆ ದಾಟಿ ಇಗರ್ಜಿಗೆ ಬರುವವರಿಗಾಗಿ ಪ್ರತಿ ವರ್ಷ ಅಡಿಕೆ ಮರದ ಸಂಕ ಹಾಕುತ್ತಿದ್ದರು. ಅವರ ಗಂಟು ಸಡಿಲಿದ್ದನ್ನು ನಾವು ಕಂಡಿಲ್ಲ. 2019ರ ಆಗಸ್ಟಿನಲ್ಲಿ ಮೃತ್ಯುಂಜಯ ಹೊಳೆ ಉಕ್ಕಿ ಊರೂರು ನಲುಗಿದಾಗ ಹಿರಿಯರಿಗೆ ಮೊದಲು ನೆನಪಾದದ್ದು ಆ ಸಂಕವೇ. ಬರ್ಮಾದ ಗುಡಾರದಲ್ಲಿ ಪರದೇಶದ ಪಾದ್ರಿಗಳು ಅರ್ಪಿಸಿದ ಬಲಿಪೂಜೆಯೂ ನಮ್ಮ ಇಗರ್ಜಿಯದೂ ಒಂದೇ ಲ್ಯಾಟಿನ್ ಭಾಷೆಯಲ್ಲಿ ಇದ್ದುದು ತನಗೆ ಮನೆಯನ್ನೇ ಕಂಡಂತಾಗಿತ್ತು ಎನ್ನುತ್ತಿದ್ದರು. ಎರಡನೆಯ ವ್ಯಾಟಿಕನ್ ಮಹಾಸಭೆಯ ಬಳಿಕ ಕೊಂಕಣಿ ಪೂಜೆ ಬಂದಾಗ ಸಂತೋಷದಿಂದಲೇ ಹಾಡಿದರು; ಆದರೂ ತುಟಿಗಳಲ್ಲಿ ಲ್ಯಾಟಿನ್ ಉತ್ತರಗಳು ಮೆಲ್ಲನೆ ಓಡುತ್ತಿದ್ದವು.

ಇನ್ನೊಂದು ಸಂಗತಿ ಹೇಳಲೇಬೇಕು. ನವೆಂಬರ್ 2ರ ಮೃತರ ಸ್ಮರಣೆಯ ದಿನ ಅವರು ಕೊಡುತ್ತಿದ್ದ ಪೂಜೆಯ ಉದ್ದೇಶ ‘ಕಬಾವಿನಲ್ಲಿ ತೀರಿಹೋದವರಿಗಾಗಿ’. ಅವರಲ್ಲಿ ತಮಿಳು, ತೆಲುಗು ನಾಡಿನ ಹಿಂದುಗಳೂ ಮುಸಲ್ಮಾನರೂ ಇದ್ದರು. ಕ್ರೈಸ್ತರಲ್ಲದವರ ಹೆಸರಿನಲ್ಲಿ ಪೂಜೆ ಸಲ್ಲುವುದೇ ಎಂದು ಒಬ್ಬರು ಗುರ್ಕಾರರು ಕೇಳಿದರಂತೆ. ‘ಚೌಕಟ್ಟು ಹೊರುವಾಗ ಯಾರೂ ಅದನ್ನು ಕೇಳಲಿಲ್ಲ’ ಎಂದು ಅಜ್ಜನವರ ಉತ್ತರ. ಅಂದಿನ ವಿಗಾರರು ಮರುಮಾತಿಲ್ಲದೆ ಪೂಜೆ ಅರ್ಪಿಸಿದರು.

ರಂಗೂನಿನ ಸಮೀಪ ತೌಕ್ಯಾನ್‌ನ ಯುದ್ಧ ಸ್ಮಶಾನದಲ್ಲಿ, ಸಮಾಧಿಯೇ ಇಲ್ಲದ ಸುಮಾರು 27,000 ಯೋಧರ ಹೆಸರುಗಳನ್ನು ಕಲ್ಲಿನ ಕಂಬಗಳ ಮೇಲೆ ಕೆತ್ತಿದ್ದಾರೆ. ಅಜ್ಜನವರು ಅದನ್ನು ನೋಡಲಿಲ್ಲ. ಅವರ ಜಪಸರವನ್ನು ಅವರ ಕೈಯಲ್ಲೇ ಇಟ್ಟು ಮಣ್ಣು ಮಾಡಿದೆವು. ನವೆಂಬರಿನ ಆ ಪೂಜೆಯನ್ನು ಈಗ ನಾವು ಮೊಮ್ಮಕ್ಕಳು ಸರದಿಯಂತೆ ಕೊಡುತ್ತಿದ್ದೇವೆ.