ಜೀರುಂಡಿ ಕೂಗೋ ಊರು, ಎರಡನೇ ಸುತ್ತು

ಕಾಕು, ವೈನಿ, ಅಕ್ಕಾರ, ಈ ಸಲ ಅಡಿಗಿ ಇಲ್ಲ, ಹಬ್ಬ ಇಲ್ಲ, ಒಂದು ಜಪಾನಿ ಕಾರ್ಟೂನಿನ ಇತಿಹಾಸ ಬರೀಲಿಕ್ಕೆ ಕೂತೀನಿ. ನಗಬ್ಯಾಡ್ರಿ. ಕಾರ್ಟೂನ್ ಅಂದ ಕೂಡಲೆ ನಮಗ ಇಲಿ-ಬೆಕ್ಕು ನೆನಪಾಗತಾವ. ಜಪಾನಿನವರು ಅನಿಮೆ ಅಂತಾರ, ಅದರಾಗ ದೊಡ್ಡವರಿಗಂತನ ಮಾಡಿದ್ದೂ ಭಾಳ ಇರತಾವ. ನಾ ಹೇಳೋದು ಹೆದರಿಕಿ ಕತಿ. ಹೆಸರು ‘ಹಿಗುರಾಶಿ ನೋ ನಾಕು ಕೊರೊ ನಿ’, ಅಂದ್ರ ಜೀರುಂಡಿ ಕೂಗೋ ಹೊತ್ತಿನ್ಯಾಗ. ಮೊದಲನೇ ಭಾಗ 2006ರಾಗ ಬಂತು, ಎರಡನೇದು 2007ರಾಗ. ಎರಡನೇದರ ಹೆಸರಿಗೆ ‘ಕಾಯ್’ ಅಂತ ಹಚ್ಯಾರ. ನಮ್ಮ ತೆಂಗಿನಕಾಯಿ ಅಲ್ಲರೀ, ಬಿಡಿಸೋದು, ಗಂಟು ಬಿಚ್ಚೋದು ಅಂತ ಅರ್ಥ. ಮಗಳು ಹಚ್ಚಿದ್ದನ್ನ ಹಿಂದ ನಿಂತು ನೋಡಿಕೋತ ನೋಡಿಕೋತ ನಾನೂ ಎರಡೂ ಮುಗಿಸಿದೆ.

ಸಿನಿಮಾ ಇರಲಿ, ಧಾರಾವಾಹಿ ಇರಲಿ, ಎರಡನೇ ಭಾಗ ಅಂದ್ರ ಸೋಸಿದ ಚಹಾಪುಡಿಗೆ ಮತ್ತ ನೀರು ಹಾಕಿ ಕುದಿಸಿದಂಗ. ಇದು ಹಂಗಾಗಿಲ್ಲ. ಮೊದಲನೇದಕ್ಕಿಂತ ಎರಡನೇದ ಚೊಲೋ ಅದ. ಅದಕ್ಕ ಕಾರಣ ಹೇಳಬೇಕಂದ್ರ ಕತಿ ಬಿಟ್ಟುಕೊಡಬೇಕಾಗತದ. ನೋಡೋ ಮನಸ್ಸಿದ್ದವರು ಇಲ್ಲೇ ನಿಲ್ರಿ.

ಇದರ ಮೂಲ ಟೀವಿ ಅಲ್ಲ. ರ್ಯೂಕಿಶಿ 07 ಅನ್ನೋ ಹೆಸರಿಲೆ ಬರಿಯೋ ಒಬ್ಬಾತ ಸರಕಾರಿ ನೌಕರಿ ಮಾಡಿಕೋತನ, ತನ್ನವರದೊಂದು ಸಣ್ಣ ಗುಂಪು ಕಟ್ಟಿಕೊಂಡು, ಕಂಪ್ಯೂಟರಿನ್ಯಾಗ ಓದೋ ಕತಿ ಮಾಡಿದ. ಚಿತ್ರ, ಸಪ್ಪಳ, ಸಂಗೀತ ಎಲ್ಲಾ ಇರತಾವ, ಓದಿಕೋತ ಹೋಗೋದು ನಮ್ಮ ಕೆಲಸ. ಟೋಕಿಯೋದಾಗ ಕೋಮಿಕೆಟ್ ಅಂತ ದೊಡ್ಡ ಸಂತಿ ಕೂಡತದ. ಹವ್ಯಾಸಿ ಮಂದಿ ತಾವ ಮಾಡಿದ ಪುಸ್ತಕ, ಆಟ ಎಲ್ಲಾ ತಂದು ಅಲ್ಲೇ ಮಾರತಾರ. 2002ರ ಆಗಸ್ಟಿನ್ಯಾಗ ಮೊದಲನೇ ಅಧ್ಯಾಯ ಆ ಸಂತ್ಯಾಗ ಬಂತು, ಎಂಟನೇದು, ಅಂದ್ರ ಕಡೇದು, 2006ರ ಆಗಸ್ಟಿನ್ಯಾಗ. ಮೊದಲಿನ ನಾಕು ಅಧ್ಯಾಯ ಪ್ರಶ್ನೆ, ಕಡೀಕಿನ ನಾಕು ಉತ್ತರ.

ಸ್ಟುಡಿಯೊ ಡೀನ್‌ದವರು ಇದನ್ನ ಟೀವಿಗೆ ತಂದಿದ್ದು 2006ರ ಏಪ್ರಿಲ್‌ದಾಗ. ನಿರ್ದೇಶಕಿ ಚಿಯಾಕಿ ಕೋನ್, ಹೆಣ್ಣುಮಗಳು. ತಾರೀಖು ನೋಡ್ರಿ. ಮೂಲ ಕತಿಯ ಕಡೀ ಅಧ್ಯಾಯ ಇನ್ನೂ ಹೊರಗ ಬಂದಿದ್ದೇ ಇಲ್ಲ! ಹಿಂಗಾಗಿ ಮೊದಲನೇ ಭಾಗದಾಗ ಆರು ಅಧ್ಯಾಯ ಅಷ್ಟ ತೊಗೊಂಡರು, 26 ಕಂತಿನ್ಯಾಗ ತುರುಕಿದರು. ಪೂರ್ತಿ ಉತ್ತರ ಕೊಡೋದು ಅವರ ಕೈಯಾಗ ಇರಲಿಲ್ಲ. ಆರು ಮಂದಿ ಸಾಮಾನು ಒಂದ ಟ್ರಂಕಿನ್ಯಾಗ ಒತ್ತಿದಂಗ ಆಗೇದ ಅದು.

ಊರಿನ ಹೆಸರು ಹಿನಾಮಿಜಾವಾ, ಗುಡ್ಡದಾಗಿನ ಸಣ್ಣ ಹಳ್ಳಿ. ಕಾಲ 1983ರ ಜೂನ್. ಪಟ್ಟಣದಿಂದ ಕೇಇಚಿ ಅನ್ನೋ ಹುಡುಗ ಬರತಾನ. ರೇನಾ, ಮಿಯೊನ್, ಸಾತೊಕೊ, ರಿಕಾ ಅಂತ ನಾಕು ಗೆಳತ್ಯಾರು ಸಿಗತಾರ. ಆಟ, ನಗಿ, ಡಬ್ಬಿ ಹಂಚಿಕೊಂಡು ಊಟ. ಆದರ ಊರ ದೇವರ ಹಬ್ಬದ ರಾತ್ರಿ ನಾಕು ವರ್ಷದಿಂದ ಒಬ್ಬರು ಸಾಯತಾರ, ಒಬ್ಬರು ಕಾಣಿಯಾಗತಾರ. ದೇವರ ಶಾಪ ಅಂತ ಮಂದಿ ಮಾತು. ಕೇಇಚಿಗೆ ಗೆಳತ್ಯಾರ ಮ್ಯಾಲೇ ಸಂಶಯ ಹುಟ್ಟತದ. ಸಂಶಯ ಬೆಳೆದು ಕೊಲಿ ತನಕ ಹೋಗತದ. ಅಷ್ಟಕ್ಕ ಅಧ್ಯಾಯ ಮುಗದು, ಮತ್ತ ಅದ ಜೂನ್ ತಿಂಗಳು, ಸತ್ತವರೆಲ್ಲಾ ಜೀವಂತ, ಈ ಸಲ ಸಂಶಯ ಮತ್ತೊಬ್ಬರ ತಲ್ಯಾಗ. ಹೆದರಿಕಿ ಏನೋ ಆಗತದ, ಸುಳ್ಳು ಹೇಳಂಗಿಲ್ಲ. ಆದರ ನಾಕಾರು ಕೊಲಿ ಆದ ಮ್ಯಾಲೆ ರಕ್ತ ನೋಡಿ ನೋಡಿ ಬ್ಯಾಸರಾಗತದ.

ಈ ಶಾಪದ ಬೇರು ಒಂದು ಡ್ಯಾಮಿನ್ಯಾಗ ಅದ. ಡ್ಯಾಮ್ ಕಟ್ಟಿ ಹಳ್ಳಿ ಮುಳುಗಿಸಬೇಕಂತ ಸರಕಾರ ಹೊರಟಿತ್ತು, ಊರವರು ಹೋರಾಡಿ ನಿಲ್ಲಿಸಿದರು. ಊರು ಕಲ್ಪನೆದ್ದು, ಆದರ ಚಿತ್ರ ಬರದದ್ದು ಖರೇ ಊರು ನೋಡಿ. ಗಿಫು ಪ್ರಾಂತದಾಗಿನ ಶಿರಾಕಾವಾಗೋ, ಕೈ ಜೋಡಿಸಿದಂಗ ಎತ್ತರದ ಹುಲ್ಲು ಮಾಡಿನ ಮನಿಗೋಳು. 1995ರಾಗ ಯುನೆಸ್ಕೋ ಪಟ್ಟಿಗೆ ಸೇರೇದ. ಅದ ಕಣಿವ್ಯಾಗ ಶೋ ಅನ್ನೋ ಹೊಳಿಗೆ ಮಿಬೋರೊ ಡ್ಯಾಮ್ ಕಟ್ಟಿ 1961ರಾಗ ಮುಗಿಸಿದರು. ಅಲ್ಲಿನ ಮಂದಿ ವರ್ಷಗಟ್ಟಲೆ ವಿರೋಧ ಮಾಡಿದರು. ‘ಸತ್ತರೂ ಕಾಯತೀವಿ’ ಅನ್ನೋ ಅರ್ಥದ ಮಾತು ಅವರ ಸಂಘದ ಹೆಸರಿನ್ಯಾಗನ ಇತ್ತು. ಅನಿಮೆದಾಗಿನ ಊರವರ ಸಂಘದ ಹೆಸರಿನ್ಯಾಗೂ ಅದ ಮಾತು ಅದ. ಖರೇ ಊರು ಮಾತ್ರ ಉಳೀಲಿಲ್ಲ. ಗುಡಿ ಹತ್ತಿರದ ಎರಡು ಹಳೇ ಚೆರ್ರಿ ಗಿಡ ಅಷ್ಟ ಬೇರುಸಹಿತ ಎತ್ತಿ ದಂಡಿಗೆ ತಂದು ನೆಟ್ಟರು. ಅವು ಇವತ್ತಿಗೂ ಹೂ ಬಿಡತಾವ.

ಮುಳುಗಡಿ ಅನ್ನೋ ಶಬ್ದ ನಮ್ಮ ಕಡೆ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಆಲಮಟ್ಟಿ ಹಿನ್ನೀರು ಬಂದಾಗ ಹಳೇ ಬಾಗಲಕೋಟಿ ಬಿಟ್ಟು ನವನಗರಕ್ಕ ಬಂದವರ ಮನಿಗೋಳು ನಮ್ಮೊಳಗ ಎಷ್ಟಿಲ್ಲ? ಪರಿಹಾರ ಮೊದಲ ಯಾರು ತೊಗೊಂಡರು, ಯಾರು ಬ್ಯಾಡ ಅಂದರು ಅನ್ನೋದರ ಮ್ಯಾಲೆ ಮಾತು ಬಿಟ್ಟವರೂ ಇದ್ದಾರ. ಅದಕ್ಕ ಸಾತೊಕೊಳ ಕತಿ ನನಗ ಎದೀಗೆ ಹತ್ತಿತು. ಅಕಿ ಅಪ್ಪ-ಅವ್ವ ಪರಿಹಾರ ತೊಗೊಂಡು ಹೋಗೋಣು ಅಂದವರು. ಊರು ಅವರನ್ನ ಹೊರಗಿಟ್ಟಿತು. ಅವರು ಸತ್ತರು, ಅಣ್ಣ ಕಾಣಿಯಾದ, ಆದರೂ ಆ ಸಿಟ್ಟು ಆ ಹುಡುಗಿ ತಲೀ ಮ್ಯಾಲೆ ಉಳೀತು. ಆಮ್ಯಾಲೆ ಕಾಕಾ ಅನ್ನೋ ರಾಕ್ಷಸ ಬಂದು ಮನ್ಯಾಗ ಕೂತು ಅಕೀನ್ನ ಹೊಡದು ಬಡದು ದುಡಿಸತಾನ.

ಇಲ್ಲೇ ನೋಡ್ರಿ ಎರಡೂ ಭಾಗದ ಫರಕು. ಮೊದಲನೇದರಾಗ ಕೇಇಚಿ ಯಾರಿಗೂ ಹೇಳದ ಬ್ಯಾಟ್ ಹಿಡಕೊಂಡು ಹೋಗಿ ಆ ಕಾಕಾನ್ನ ಕೊಲ್ಲತಾನ. ಅದರಿಂದ ಯಾರಿಗೂ ಸುಖ ಆಗಲಿಲ್ಲ, ಎಲ್ಲಾ ಹಾಳಾತು. ‘ಕಾಯ್’ದಾಗ ಅದ ಹುಡುಗಿ, ಅದ ಕಾಕಾ, ಅದ ಕಷ್ಟ. ಈ ಸಲ ಕೇಇಚಿ ಗೆಳತ್ಯಾರನ್ನ ಕರಕೊಂಡು ಮಕ್ಕಳ ರಕ್ಷಣಾ ಕಚೇರಿಗೆ ಹೋಗತಾನ. ನೋಡತೀವಿ, ವಿಚಾರ ಮಾಡತೀವಿ ಅಂತ ಹೇಳಿ ಕಳಸತಾರ. ಹಿಂದ ಒಮ್ಮೆ ಆ ಹುಡುಗಿ ಸುಳ್ಳು ದೂರು ಹೇಳಿದ್ದಳು, ಅದೂ ಅಡ್ಡ ಬರತದ. ಮತ್ತ ಹೋಗತಾರ, ಸಾಲಿ ಹುಡುಗೂರು ಸೇರತಾರ. ಮತ್ತ ಹೋಗತಾರ, ದೊಡ್ಡವರು ಸೇರತಾರ. ಕಡೀಕ ಊರ ಪಂಚರ ಮುಂದ ನಿಂತು, ಸತ್ತವರ ಮ್ಯಾಲಿನ ಸಿಟ್ಟು ಈ ಕೂಸಿನ ಮ್ಯಾಲೆ ಯಾಕ ಅಂತ ಕೇಇಚಿ ಕೇಳತಾನ. ಊರಿಗೆ ದೊಡ್ಡಾಕಿ, ಮಿಯೊನ್‌ಳ ಅಜ್ಜಿ, ಬಗ್ಗತಾಳ. ಆಮ್ಯಾಲೆ ಊರಿಗೆ ಊರ ಕಚೇರಿ ಮುಂದ ನಿಲ್ಲತದ.

ಆದರೂ ಒಂದು ಬಾಕಿ ಇತ್ತು. ಸಾತೊಕೊ ತಾನ ಬಾಯಿ ಬಿಡಬೇಕಿತ್ತು. ಬಾಯಿ ಮುಚ್ಚಿಕೊಂಡು ತಾಳಿಕೊಂಡ್ರ ಅಣ್ಣ ತಿರುಗಿ ಬರತಾನಂತ ಆ ಕೂಸು ನಂಬಿಕೊಂಡು ಕೂತಿತ್ತು. ತಾಳಿಕೋ, ಹೊರಗ ಹೇಳಬ್ಯಾಡ ಅಂತ ನಾವು ಎಷ್ಟು ಹೆಣ್ಣುಮಕ್ಕಳಿಗೆ ಹೇಳಿಲ್ಲ? ಕಡೀಕ ಅಕಿ ಬಾಯಿಂದ ‘ನನ್ನ ಕಾಪಾಡ್ರಿ’ ಅನ್ನೋ ಮಾತು ಬಂದಾಗ ನಾ ಒಲಿ ಮ್ಯಾಲೆ ಹಾಲಿಟ್ಟಿದ್ದೂ ಮರತಿದ್ದೆ.

ಇದಕ್ಕೆಲ್ಲಾ ಜಾಗ ಸಿಕ್ಕಿದ್ದು ಹೆಂಗಂದ್ರ, ‘ಕಾಯ್’ದಾಗ 24 ಕಂತು, ಮೂಲದ ಅಧ್ಯಾಯ ಎರಡ. ಅನಿಮೆದವರು ತಾವ ಕಟ್ಟಿದ ಸಣ್ಣ ಕತಿಯೊಂದು ಮೊದಲಿಗೆ ಅದ, ಅದರ ಬಗ್ಗೆ ಹೇಳೋದೇನಿಲ್ಲ. ಗುಟ್ಟೆಲ್ಲಾ ಹೊರಗ ಬರೋದೂ ಇಲ್ಲೇ. ಸಣ್ಣ ಹುಡುಗಿ ರಿಕಾ ಈ ಜೂನ್ ತಿಂಗಳನ್ನ ನೂರು ವರ್ಷದಷ್ಟು ಸಲ ಬದುಕ್ಯಾಳ, ಪ್ರತಿಸಲ ಕೊಲಿ ಆಗ್ಯಾಳ. ಕೊಲ್ಲಸಾಕಿ ಊರ ದವಾಖಾನಿ ನರ್ಸ್ ತಾಕಾನೋ. ಅಕಿಗೂ ಒಂದು ಬಾಲ್ಯ ಕೊಟ್ಟಾರ. ಅಪಘಾತದಾಗ ತಂದಿ-ತಾಯಿ ಹೋಗಿ, ಅನಾಥಾಶ್ರಮದಾಗ ಪಡಬಾರದ ಪಾಡು ಪಟ್ಟಾಕಿ. ಹಂಗಂತ ಅಕಿ ತಪ್ಪು ಮುಚ್ಚಿಲ್ಲ. ಆ ಕೂಸಿಗೆ ಕೇಳವರು ಯಾರೂ ಇರಲಿಲ್ಲ, ಸಾತೊಕೊಗ ಒಂದು ಊರ ಇತ್ತು. ರಿಕಾ ಸಹಿತ ನೂರು ವರ್ಷ ಒಬ್ಬಾಕಿನ ನುಂಗಿಕೊಂಡಿದ್ದನ್ನ ಗೆಳೆಯರ ಮುಂದ ಹೇಳಿದ ಮ್ಯಾಲೇ ಬದುಕತಾಳ.

2007ರ ಸೆಪ್ಟೆಂಬರಿನ್ಯಾಗ ಕ್ಯೋಟೋ ಕಡೆ ಒಬ್ಬ ಹುಡುಗಿ ಕೊಡಲೀಲೆ ತನ್ನ ತಂದೀನ್ನ ಕೊಂದ ಸುದ್ದಿ ಬಂತು. ಈ ಕತ್ಯಾಗೂ ರೇನಾಳ ಕೈಯಾಗ ಮಚ್ಚು ಇರತದ. ಕೆಲವು ಟೀವಿಯವರು ‘ಕಾಯ್’ ತೋರಸೋದನ್ನ ನಿಲ್ಲಿಸಿದರು, ಕೆಲವರು ಸ್ವಲ್ಪ ದಿನ ಬಿಟ್ಟು ಮತ್ತ ಹಚ್ಚಿದರು. ಜೀವ ಹೋದ ಮನಿ ಅದು, ನಿಲ್ಲಿಸಿದ್ದು ತಪ್ಪು ಅಂತ ನಾ ಅನ್ನಂಗಿಲ್ಲ. ಆದರ ನಿಂತಿದ್ದು ಯಾವ ಅಧ್ಯಾಯ ನೋಡ್ರಿ. ಮೊದಲನೇ ಭಾಗದ ಬ್ಯಾಟು-ಮಚ್ಚು ಹಿಂದಿನ ವರ್ಷ ಸರಳ ಮುಗದು ಹೋಗಿತ್ತು. ಆಯುಧ ಹಿಡೀಬ್ಯಾಡ, ಮಂದೀನ್ನ ಕೂಡಿಸು ಅನ್ನೋ ಭಾಗದ ನಡುವ ಪರದೆ ಬಿತ್ತು.

ಕೊರತಿ ಇಲ್ಲಂತಲ್ಲ. ಕಡೀಕ ಬಂದೂಕಿನ ಪಡೆಗೆ ಸಾಲಿ ಹುಡುಗೂರು ಗುಡ್ಡದಾಗ ಬಲಿ ಒಡ್ಡಿ ಸೋಲಸತಾರ, ಅದನ್ನ ನುಂಗೋದು ಕಷ್ಟ. ಮೊದಲಿನಷ್ಟು ಹೆದರಿಕಿನೂ ಆಗಂಗಿಲ್ಲ. ಮೊದಲನೇದು ನೋಡದ ಇದು ತಿಳಿಯಂಗಿಲ್ಲ, ಹಿಂಗಾಗಿ ಆ ರಕ್ತ ದಾಟೇ ಬರಬೇಕು. ಸಣ್ಣ ಮಕ್ಕಳು ಮನ್ಯಾಗ ಇದ್ದವರು ಅವು ಮಲಗಿದ ಮ್ಯಾಲೆ ಹಚ್ಚಿಕೊಳ್ರಿ.

2020-21ರಾಗ ಬ್ಯಾರೆ ಸ್ಟುಡಿಯೋದವರು ‘ಗೋ’, ‘ಸೋತ್ಸು’ ಅಂತ ಮುಂದುವರಿಸಿ, ಅದ ಸಾತೊಕೊನ್ನ ಕೆಟ್ಟಾಕಿ ಮಾಡಿ ನಿಲ್ಲಿಸ್ಯಾರ. ಮಗಳು ನೋಡು ಅಂದಳು. ಅರ್ಧಕ್ಕ ಎದ್ದು ಬಂದೆ. ಇಡೀ ಊರು ಕಚೇರಿ ಮುಂದ ನಿಂತು ಉಳಿಸಿಕೊಂಡ ಕೂಸು ಅದು.