ವೈನ್ (ತಂತ್ರಾಂಶ)

ಮೈಕ್ರೋಸಾಫ್ಟ್ ವಿಂಡೋಸ್‌ಗಾಗಿ ರಚಿತವಾದ ಆಟಗಳನ್ನೂ ಇತರ ತಂತ್ರಾಂಶಗಳನ್ನೂ ಲಿನಕ್ಸ್, ಮ್ಯಾಕ್‌ಓಎಸ್ ಮೊದಲಾದ ಕಾರ್ಯಾಚರಣ ವ್ಯವಸ್ಥೆಗಳಲ್ಲಿ ನಡೆಸುವ ಮುಕ್ತ ತಂತ್ರಾಂಶ. 1993ರಲ್ಲಿ ಬಾಬ್ ಆಮ್‌ಸ್ಟಾಟ್ ಮತ್ತು ಎರಿಕ್ ಯಂಗ್‌ಡೇಲ್ ಇದರ ಕೆಲಸ ಆರಂಭಿಸಿದರು. 1994ರಿಂದ ಅಲೆಕ್ಸಾಂಡ್ರ್ ಜೂಲಿಯಾರ್ ಯೋಜನೆಯ ನೇತೃತ್ವ ವಹಿಸಿದ್ದಾರೆ. 1.0 ಆವೃತ್ತಿ 2008ರಲ್ಲಿ ಬಿಡುಗಡೆಯಾಯಿತು.

ಕಾರ್ಯವಿಧಾನ: ಕಡತ ತೆರೆಯಲು, ಕಿಟಕಿ ಮೂಡಿಸಲು, ಧ್ವನಿ ಹೊರಡಿಸಲು ಆಟವು ವಿಂಡೋಸ್‌ಗೆ ಕೋರಿಕೆಗಳನ್ನು ಸಲ್ಲಿಸುತ್ತದೆ. ವೈನ್ ನಡುವೆ ನಿಂತ ದುಭಾಷಿಯಂತೆ ಅವನ್ನು ಆತಿಥೇಯ ವ್ಯವಸ್ಥೆಗೆ ತಿಳಿಯುವ ಕೋರಿಕೆಗಳಾಗಿ ಬದಲಿಸುತ್ತದೆ. ಇದು ಪ್ರೊಸೆಸರನ್ನು ಅನುಕರಿಸುವುದಿಲ್ಲ. ಆಟದ ಸೂಚನೆಗಳು ಸಾಮಾನ್ಯವಾಗಿ ನೇರವಾಗಿ ಪ್ರೊಸೆಸರಿನಲ್ಲೇ ನಡೆಯುವುದರಿಂದ ವೇಗ ಹೆಚ್ಚು ಕುಗ್ಗದು. ವಿಂಡೋಸಿನ ಪ್ರತಿಯೂ ಬೇಕಾಗಿಲ್ಲ.

ಪ್ರೋಟಾನ್: ವಾಲ್ವ್ ಸಂಸ್ಥೆಯು ಕೋಡ್‌ವೀವರ್ಸ್ ಎಂಬ ಸಂಸ್ಥೆಯ ಜೊತೆಗೂಡಿ ವೈನ್ ಆಧರಿಸಿ ರೂಪಿಸಿದ ಪ್ರೋಟಾನ್ 2018ರಲ್ಲಿ ಆಟಗಳ ವಿತರಣಾ ವೇದಿಕೆಯಾದ ಸ್ಟೀಮ್‌ಗೆ ಸೇರಿತು. ಇದರಲ್ಲಿನ ಡಿಎಕ್ಸ್‌ವಿಕೆ ಎಂಬ ಘಟಕ ವಿಂಡೋಸಿನ ಡೈರೆಕ್ಟ್3ಡಿ ಚಿತ್ರಣ ಆದೇಶಗಳನ್ನು ಲಿನಕ್ಸ್‌ನಲ್ಲೂ ನಡೆಯುವ ವಲ್ಕನ್ ಎಂಬ ಚಿತ್ರಣ ವ್ಯವಸ್ಥೆಯ ಆದೇಶಗಳಾಗಿ ಪರಿವರ್ತಿಸುತ್ತದೆ. 2022ರಲ್ಲಿ ಮಾರುಕಟ್ಟೆಗೆ ಬಂದ, ಲಿನಕ್ಸ್ ಆಧಾರಿತ ಸ್ಟೀಮ್ ಡೆಕ್ ಎಂಬ ಕೈಸಾಧನದಲ್ಲಿ ವಿಂಡೋಸ್ ಆಟಗಳು ನಡೆಯುವುದು ಪ್ರೋಟಾನ್‌ನಿಂದಲೇ.

ಮಿತಿಗಳು: ಕರ್ನೆಲ್ (ಕಾರ್ಯಾಚರಣ ವ್ಯವಸ್ಥೆಯ ತಿರುಳು) ಮಟ್ಟದಲ್ಲಿ ಕೆಲಸ ಮಾಡುವ ಮೋಸತಡೆ ತಂತ್ರಾಂಶವಿರುವ ಹಲವು ಆನ್‌ಲೈನ್ ಆಟಗಳು ವೈನ್ ಮತ್ತು ಪ್ರೋಟಾನ್‌ಗಳಲ್ಲಿ ನಡೆಯುವುದಿಲ್ಲ.